ಗವರ್ನರ್‌ಗೂ ಶೆಡ್ಯೂಲರ್‌ಗೂ ಮಾತುಕತಿ ಶುರು ಆಗಿದ್ದು ಯಾವಾಗ?

ಮೇ ತಿಂಗಳದಾಗ ಕಲಬುರಗಿ ಹೆಂಗಿರ್ತದಂತ ಹೇಳೋದೇನೂ ಬ್ಯಾಡ, ಮಧ್ಯಾಹ್ನ 42 ಡಿಗ್ರಿ, ಫ್ಯಾನ್ ಹಾಕಿದ್ರ ಬಿಸಿ ಗಾಳಿನೇ ಬರ್ತದ. ಅಂಥಾದ್ರಾಗ ನನ್ನ ಹಳೇ ಲ್ಯಾಪ್‌ಟಾಪ್ ಭಾಳ ಸ್ಲೋ ಆಗೇದಂತ ಅದರಾಗಿನ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಸಿಪಿಯು ಸೆಟ್ಟಿಂಗ್ ತೆಗೆದು ನೋಡಿದೆ, ಸ್ಕೇಲಿಂಗ್ ಗವರ್ನರ್ ಅನ್ನೋ ಫೈಲ್‌ನಾಗ 'ಪವರ್‌ಸೇವ್' ಅಂತ ಒಂದೇ ಶಬ್ದ ಇತ್ತು. ಓಹೋ, ಸಿಕ್ತು ಕಳ್ಳ ಅಂತ ಅದನ್ನ 'ಪರ್ಫಾರ್ಮೆನ್ಸ್' ಮಾಡಿಬಿಟ್ಟೆ. ಹತ್ತು ನಿಮಿಷದಾಗ ಒಳಗಿನ ಫ್ಯಾನ್ ಹಿಟ್ಟಿನ ಗಿರಣಿ ಹಂಗ ಒದರ್ಲಿಕ್ಕತ್ತಿತು, ತೊಡಿ ಮ್ಯಾಲ ಇಟ್ಕೊಳ್ಳೋಹಂಗೇ ಇಲ್ಲ, ಸ್ಪೀಡ್ ಮಾತ್ರ ಇದ್ದಷ್ಟೇ.

ಗವರ್ನರ್ ಅಂದ್ರ ರಾಜಭವನದವರಲ್ಲ ಮತ್ತ, ಸಿಪಿಯು ಸ್ಪೀಡ್ ಏರಿಸಿ ಇಳಿಸೋ ಲಿನಕ್ಸ್ ಭಾಗ. ಹೊಲದಾಗಿನ ಡೀಸೆಲ್ ಇಂಜಿನ್ನಿಗೆ ಒಂದು ಗವರ್ನರ್ ಇರ್ತದಲ್ಲ, ಅದೇ ಹೆಸರು ಇದಕ್ಕೂ. ಪಂಪಿನ ಲೋಡ್ ಬಿದ್ದು ಇಂಜಿನ್ ಧಗ್... ಧಗ್... ಅಂತ ಕುಂದಿದ ಮ್ಯಾಲ ಅದು ಡೀಸೆಲ್ ಜಾಸ್ತಿ ಬಿಡ್ತದ. ಮೊದಲು ಕುಂದಬೇಕು, ಆಮ್ಯಾಲ ಡೀಸೆಲ್. ಕಂಪ್ಯೂಟರ್‌ದಾಗೂ ಇದೇ ಜಗಳ ಹದಿನೈದು ವರ್ಷ ನಡೀತು.

ಸ್ಪೀಡ್ ಇಳಿಸಿದ್ರ ಏನು ಲಾಭ? ಚಿಪ್ ತಿನ್ನೋ ಕರೆಂಟು ಫ್ರೀಕ್ವೆನ್ಸಿ, ಅಂದ್ರ ಸ್ಪೀಡಿನ ಲೆಕ್ಕಕ್ಕ ಸೀದಾ ಏರ್ತದ, ವೋಲ್ಟೇಜಿನ ಲೆಕ್ಕಕ್ಕ ವರ್ಗದಷ್ಟು ಏರ್ತದ. ಸ್ಪೀಡ್ ಅರ್ಧ ಮಾಡಿ ವೋಲ್ಟೇಜ್ 0.7ಕ್ಕ ಇಳಿಸಿದ್ರ ಪವರ್ ಕಾಲು ಭಾಗಕ್ಕ ಬರ್ತದ, ಕೆಲಸಕ್ಕ ಎರಡು ಪಟ್ಟು ಟೈಮ್ ಹಿಡಿದ್ರೂ ಒಟ್ಟು ಖರ್ಚು ಅರ್ಧನೇ. ಈ ಕೆಲಸ ಆಪರೇಟಿಂಗ್ ಸಿಸ್ಟಮ್ಮೇ ಮಾಡಬೇಕು ಅಂತ 1994ರಾಗೇ ಝೆರಾಕ್ಸ್ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ ಮತ್ತ ಅವರ ಸಂಗಡಿಗರು ಒಂದು ಪ್ರಬಂಧ ಬರೆದಿದ್ರು: ಹೋದ ಗಳಿಗಿ ಸಿಪಿಯು ಎಷ್ಟು ಖಾಲಿ ಕುಂತಿತ್ತು ನೋಡು, ಮುಂದಿನ ಗಳಿಗಿನೂ ಹಂಗೇ ಇರ್ತದಂತ ತಿಳ್ಕೋ, ಅದರ ಪ್ರಕಾರ ಸ್ಪೀಡ್ ಇಡು.

ಮಾರ್ಕೆಟ್‌ಗೆ ಬಂದಿದ್ದು 2000ದಾಗ, ಇಂಟೆಲ್‌ನ ಸ್ಪೀಡ್‌ಸ್ಟೆಪ್. ಅದು ಭಾಳ ಸಾದಾ, ಚಾರ್ಜರ್ ಹಾಕಿದ್ರ 600 ಇಲ್ಲಾ 650 ಮೆಗಾಹರ್ಟ್ಸ್, ಕಿತ್ತಿದ್ರ 500. 2003ರ ಕೊನೀಗೆ ಬಂದ ಲಿನಕ್ಸ್ 2.6ರಾಗ ಸಿಪಿಯುಫ್ರೀಕ್ ಅನ್ನೋ ಸ್ಪೀಡ್ ಬದಲಿಸೋ ವ್ಯವಸ್ಥಾ ಬಂತು, 2004ರಾಗ 'ಆನ್‌ಡಿಮ್ಯಾಂಡ್' ಗವರ್ನರ್ ಬಂತು, ಸಿಪಿಯು 80% ದಾಟಿ ಬಿಝಿ ಇತ್ತಂದ್ರ ಸೀದಾ ಟಾಪ್ ಸ್ಪೀಡಿಗೆ ಹಾರೋದು, ಅಂದ್ರ ವೈಸರ್ ಹೇಳಿದ ಹಳೇ ಐಡಿಯಾನೇ.

ತಕರಾರು ಇದ್ದಿದ್ದು ಇಲ್ಲೇ ನೋಡ್ರಿ. ಯಾವ ಕೆಲಸ ಯಾವ ಕೋರ್ (ಚಿಪ್ಪಿನಾಗಿನ ಒಂದೊಂದು ಪ್ರೊಸೆಸರ್) ಮ್ಯಾಲ ಓಡ್ತದ ಅನ್ನೋದು, ಕೆಲಸ ಹಂಚೋ ಲಿನಕ್ಸ್ ಭಾಗ ಶೆಡ್ಯೂಲರ್‌ಗೆ ಗೊತ್ತು, ಆದ್ರ ಸ್ಪೀಡ್ ಕೀಲಿ ಇದ್ದಿದ್ದು ಗವರ್ನರ್ ಕೈಯಾಗ, ಒಬ್ಬರಿಗೊಬ್ಬರು ಮಾತೇ ಆಡೋದಿಲ್ಲ. ಒಂದು ದೊಡ್ಡ ಕೆಲಸಾನ ಶೆಡ್ಯೂಲರ್ ಖಾಲಿ ಕೋರ್‌ಗೆ ಸಾಗ ಹಾಕಿದ್ರ, ಆ ಕೋರ್ ನಿದ್ದಿಯಾಗಿತ್ತು ಅಂತ ಗವರ್ನರ್ ಅದನ್ನ ಕಡಿಮಿ ಸ್ಪೀಡಿನಾಗೇ ಇಟ್ಟಿರ್ತದ, ಲೋಡ್ ಕಂಡ ಮ್ಯಾಲ ಏರಿಸ್ತದ, ಅಷ್ಟೊತ್ತಿಗೆ ಸ್ಕ್ರೀನ್ ಒಂದ್ಸಲ ಜಗ್ಗಿ ನಿಂತಿರ್ತದ.

ಮೊಬೈಲ್ ಬಂದ ಮ್ಯಾಲ ಇದು ತಡೀಲಾರದಂಗಾಯ್ತು. 2011ರಾಗ ಆರ್ಮ್ ಕಂಪನಿ ಬಿಗ್‌ಲಿಟಲ್ ಅಂತ ತಂತು, ಒಂದೇ ಚಿಪ್ಪಿನಾಗ ದೊಡ್ಡ ಕೋರ್, ಸಣ್ಣ ಕೋರ್ ಎರಡೂ. ಹಂಗಿದ್ರ ಕೆಲಸ ಎಲ್ಲಿ ಹಾಕೋದು, ಎಷ್ಟು ಸ್ಪೀಡ್ ಕೊಡೋದು ಎರಡೂ ಒಂದೇ ಪ್ರಶ್ನಿ ಆಗ್ತದ. 2013ರಾಗ ಶೆಡ್ಯೂಲರ್ ನೋಡ್ಕೊಳ್ಳೋ ಇಂಗೊ ಮೊಲ್ನಾರ್ ಅಲ್ಲೊಂದು ಇಲ್ಲೊಂದು ತ್ಯಾಪಿ ಹಚ್ಚೋ ಕೋಡ್ ತಗೊಳ್ಳಂಗಿಲ್ಲ, ಶೆಡ್ಯೂಲರ್, ಫ್ರೀಕ್ವೆನ್ಸಿ, ಐಡಲ್ (ಖಾಲಿ ಇದ್ದಾಗಿನ ನಿದ್ದಿ) ಮೂರೂ ಕೂಡಿಸಿ ವಿಚಾರ ಮಾಡ್ರಿ ಅಂತ ಪಟ್ಟು ಹಿಡಿದ್ರು. ನನಗ ಕೇಳಿದ್ರ ಇಡೀ ಕಥಿದಾಗ ಇದೇ ತಿರುವು. ಅದೇ ವರ್ಷ ಬಂದ ಲಿನಕ್ಸ್ 3.8ರಾಗ ಪೆಲ್ಟ್ ಅನ್ನೋ ಲೆಕ್ಕ ಸೇರಿತ್ತು, ಕೋರ್ ಲೋಡ್ ಅಷ್ಟೇ ಅಲ್ಲ, ಒಂದೊಂದು ಕೆಲಸದ ಲೋಡ್ ಬ್ಯಾರೆ ಬ್ಯಾರೆ ಹಿಡಿಯೋದು, 32 ಮಿಲಿಸೆಕೆಂಡ್ ಹಿಂದಿನದಕ್ಕ ಅರ್ಧ ಬೆಲಿ. ಈಗ ಕೆಲಸ ಬ್ಯಾರೆ ಕೋರ್‌ಗೆ ಹೋದ್ರ ಅದರ ಲೆಕ್ಕದ ವಹಿನೂ ಸಂಗಟೇ ಹೋಗ್ತದ.

ಆ ಲೆಕ್ಕ ಹಿಡ್ಕೊಂಡೇ 2016ರಾಗ ರಾಫೆಲ್ ವೈಸಾಕಿ ಅವರ 'ಶೆಡ್‌ಯುಟಿಲ್' ಅನ್ನೋ ಹೊಸ ಗವರ್ನರ್ ಲಿನಕ್ಸ್ 4.7ಕ್ಕ ಸೇರ್ತು. ಶೆಡ್ಯೂಲರ್ ತಾನೇ ಹೇಳ್ತದ, ಇದು ಏರಿಸ್ತದ, ಮ್ಯಾಲ 25% ಜಾಸ್ತಿ ಇಟ್ಟು. 2 ಗಿಗಾಹರ್ಟ್ಸ್ ಚಿಪ್ಪಿಗೆ 40% ಕೆಲಸ ಇದ್ರ 1 ಗಿಗಾಹರ್ಟ್ಸ್. 2019ರ 5.0ರಾಗ ಎನರ್ಜಿ ಅವೇರ್ ಶೆಡ್ಯೂಲಿಂಗ್ ಬಂದು ಯಾವ ಕೋರ್‌ನಾಗ ಹಾಕಿದ್ರ ಬ್ಯಾಟರಿ ಕಡಿಮಿ ಹೋಗ್ತದ ಅಂತ ಲೆಕ್ಕ ಹಾಕಿ ಕೆಲಸ ಹಂಚೋದು ಶುರು ಆಯ್ತು. ಆದ್ರೂ 60 ಹರ್ಟ್ಸ್ ಸ್ಕ್ರೀನಿಗೆ 16 ಮಿಲಿಸೆಕೆಂಡಿಗೊಂದು ಫ್ರೇಮ್ ಬೇಕು, 32ರ ಲೆಕ್ಕ ಅದಕ್ಕ ನಿಧಾನ, ಅದಕ್ಕ ಅದೇ ವರ್ಷ 5.3ರಾಗ ಯುಕ್ಲ್ಯಾಂಪ್ ಬಂತು, ಈ ಕೆಲಸಕ್ಕ ಕನಿಷ್ಠ ಇಷ್ಟು ಸ್ಪೀಡ್ ಬೇಕೇ ಬೇಕು ಅಂತ ಸಿಸ್ಟಮ್ಮಿಗೆ ಮೊದಲೇ ಹೇಳಿಡೋದು.

ನನ್ನ ಲ್ಯಾಪ್‌ಟಾಪಿನ ಪವರ್‌ಸೇವ್ ಏನಂದ್ರ, ಇಂಟೆಲ್‌ನ ಪಿಸ್ಟೇಟ್ ಡ್ರೈವರ್‌ದಾಗ ಆ ಹೆಸರಿಗೆ ಅರ್ಥಾನೇ ಬ್ಯಾರೆ, ಕೆಲಸ ಇದ್ರ ಅದು ತಾನೇ ಮ್ಯಾಲ ಹೋಗ್ತದ. ಹೆಸರು ಇಟ್ಟವರಿಗೆ ಕೈ ಮುಗೀಬೇಕು. ತಿರುಗಿ ಪವರ್‌ಸೇವ್ ಮಾಡಿ, ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡಿ ಹೋಗಿ ಲ್ಯಾಪ್‌ಟಾಪ್ ಬಿಚ್ಚಿಸಿದೆ, ಫ್ಯಾನ್ ಬಾಯಿಗೆ ಹತ್ತಿ ಬತ್ತಿ ಹಂಗ ಧೂಳು ಕುಂತಿತ್ತು. ಬಿಸಿ ಹೊರಗ ಹೋಗ್ಲಾರದ್ದಕ್ಕ ಚಿಪ್ ತಾನೇ ಸ್ಪೀಡ್ ಇಳಿಸ್ಕೊಂಡಿತ್ತು, ಅದಕ್ಕ ಯಾವ ಗವರ್ನರ್ ಏನು ಮಾಡ್ತದ ಹೇಳ್ರಿ.