ಚುನಾವಣಾ ಆಯುಕ್ತೆಯಾಗಲು ಯಾವ ಪರೀಕ್ಷೆ ಬರೆಯಬೇಕು?

ತೀರ್ಥಹಳ್ಳಿಯ ತಾಯಿಯೊಬ್ಬರು ಕೇಳಿದ್ದಾರೆ: "ಮಗಳು ಪಿಯುಸಿ ಓದುತ್ತಿದ್ದಾಳೆ. ಚುನಾವಣಾ ಆಯುಕ್ತೆಯಾಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಯಾವ ಪರೀಕ್ಷೆ ಕಟ್ಟಿಸಬೇಕು?"

ಅಂಥ ಪರೀಕ್ಷೆಯೇ ಇಲ್ಲ, ತಾಯಿ. ಆಯುಕ್ತರನ್ನು ನೇಮಿಸುವವರು ರಾಷ್ಟ್ರಪತಿ. 2023ರ ಕಾಯ್ದೆಯಂತೆ ಹೆಸರು ಆರಿಸುವುದು ಮೂವರ ಸಮಿತಿ: ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕರು, ಪ್ರಧಾನಿ ಸೂಚಿಸಿದ ಒಬ್ಬ ಸಂಪುಟ ಸಚಿವರು. ಮೂವರಲ್ಲಿ ಇಬ್ಬರು ಸರ್ಕಾರದವರೇ ಆದರಲ್ಲ ಎಂಬ ತಕರಾರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಅದು ನ್ಯಾಯವಾದ ತಕರಾರು ಎಂದೇ ನನ್ನ ಎಣಿಕೆ.

ನಿಮ್ಮ ಮಗಳಿಗೆ ತಟ್ಟುವುದು ಇನ್ನೊಂದು ಷರತ್ತು. ಕೇಂದ್ರ ಸರ್ಕಾರದ ಕಾರ್ಯದರ್ಶಿ ದರ್ಜೆಯಲ್ಲಿ ಇರುವವರು ಅಥವಾ ಇದ್ದವರು ಮಾತ್ರ ಅರ್ಹರು. ಐಎಎಸ್‌ಗೆ ಸೇರಿದವರಿಗೂ ಆ ದರ್ಜೆ ಸಿಗುವಷ್ಟರಲ್ಲಿ ಸಾಮಾನ್ಯವಾಗಿ 30 ವರ್ಷ ದಾಟಿರುತ್ತದೆ. ತಡವಾಗಿ ಸೇರಿದವರಿಗೆ ಅಷ್ಟರಲ್ಲಿ ನಿವೃತ್ತಿಯೇ ಬಂದುಬಿಡುತ್ತದೆ.

ಆದರೆ ಐಎಎಸ್ ಒಂದೇ ದಾರಿಯಲ್ಲ. ವಿ. ಎಸ್. ರಮಾದೇವಿಯವರು ಬಂದದ್ದು ಕಾನೂನಿನ ಕಡೆಯಿಂದ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯವರು. ಎಲ್‌ಎಲ್‌ಎಂ ಓದಿ ಭಾರತೀಯ ಕಾನೂನು ಸೇವೆ ಸೇರಿದರು. 1990ರ ನವೆಂಬರ್ 26ರಂದು ಮುಖ್ಯ ಚುನಾವಣಾ ಆಯುಕ್ತೆಯಾದರು, ಡಿಸೆಂಬರ್ 12ಕ್ಕೆ ಟಿ. ಎನ್. ಶೇಷನ್ ಬಂದರು. ಅಧಿಕಾರದಲ್ಲಿದ್ದದ್ದು 16 ದಿನ. ಅವರ ನಂತರ ಆ ಕುರ್ಚಿಯಲ್ಲಿ ಇನ್ನೊಬ್ಬ ಮಹಿಳೆ ಕೂರಲಿಲ್ಲ. ರಸಪ್ರಶ್ನೆಯವರಿಗೆ ಇಷ್ಟೇ ಸಾಕು. ಅವರ ತೂಕ ತಿಳಿಯಬೇಕಾದರೆ ಮುಂದಿನದನ್ನು ನೋಡಬೇಕು: 1993ರಿಂದ 1997ರವರೆಗೆ ರಾಜ್ಯಸಭೆಯ ಮಹಾಕಾರ್ಯದರ್ಶಿ, ಬಳಿಕ ಹಿಮಾಚಲದ ರಾಜ್ಯಪಾಲೆ, 1999ರಿಂದ 2002ರವರೆಗೆ ನಮ್ಮ ಕರ್ನಾಟಕದ ಮೊದಲ ಮಹಿಳಾ ರಾಜ್ಯಪಾಲೆ.

ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವ ರಾಜ್ಯ ಚುನಾವಣಾ ಆಯೋಗ ಬೇರೆಯೇ ಸಂಸ್ಥೆ. ಅದರ ಆಯುಕ್ತರನ್ನು ರಾಜ್ಯಪಾಲರು ನೇಮಿಸುತ್ತಾರೆ. ಮಹಾರಾಷ್ಟ್ರದಲ್ಲಿ ಐಎಎಸ್ ಅಧಿಕಾರಿ ನೀಲಾ ಸತ್ಯನಾರಾಯಣ ಆ ಹುದ್ದೆಯಲ್ಲಿದ್ದರು.

ಕೆಲಸದ ರುಚಿ ಈಗಲೇ ಬೇಕೆಂದರೆ, ಚುನಾವಣಾ ಕರ್ತವ್ಯಕ್ಕೆ ಹೋಗಿಬಂದ ನಿಮ್ಮೂರಿನ ಮೇಷ್ಟರನ್ನು ಅವಳು ಮಾತನಾಡಿಸಲಿ. ಹಿಂದಿನ ದಿನವೇ ಮತಯಂತ್ರದೊಂದಿಗೆ ಆಗುಂಬೆ ಕಡೆಯ ಯಾವುದೋ ಶಾಲೆ ಸೇರಿ, ಅಲ್ಲೇ ಮಲಗಿ, ಬೆಳಿಗ್ಗೆ 7ರ ಮತದಾನಕ್ಕೆ 5.30ಕ್ಕೇ ಅಣಕು ಮತದಾನ ಶುರು ಮಾಡಬೇಕು. ಏಜೆಂಟರ ಎದುರು ಕನಿಷ್ಠ 50 ಮತ ಒತ್ತಿಸಿ, ಲೆಕ್ಕ ತೋರಿಸಿ, ಅಳಿಸಿ, ಯಂತ್ರಕ್ಕೆ ಸೀಲು ಹಾಕಬೇಕು. ಅಳಿಸಲು ಮರೆತರೆ ಎಣಿಕೆಯ ದಿನ ರಾದ್ಧಾಂತ.

ಅಂದ ಹಾಗೆ, 17 ತುಂಬಿದ್ದರೆ ಮತದಾರರ ಪಟ್ಟಿಗೆ ನಮೂನೆ 6ನ್ನು ಮುಂಗಡವಾಗಿಯೇ ಸಲ್ಲಿಸಬಹುದು. ನಿಮ್ಮ ಮತಗಟ್ಟೆ ಅಧಿಕಾರಿಯ ಬಳಿ ಅದು ಸಿಗುತ್ತದೆ.