ಪ್ಲಾಸ್ಟಿಕ್ ಚೀಲದ ನಿಷೇಧ: ಜಗಳ ಒಂದು ಕಡೆ, ತೂತು ಇನ್ನೊಂದು ಕಡೆ

ಪ್ಲಾಸ್ಟಿಕ್ ಚೀಲ ನಿಷೇಧದ ಕರಡು ನಿಯಮ ಕೈಗೆ ಬಂದರೆ ನಾನು ಮುನ್ನುಡಿ ಓದುವುದಿಲ್ಲ. ಆಮೆ, ಕಡಲು, ಮುಂದಿನ ಪೀಳಿಗೆ ಎಲ್ಲವೂ ಅಲ್ಲಿರುತ್ತವೆ. ನೇರವಾಗಿ ವ್ಯಾಖ್ಯೆಗಳ ಪುಟಕ್ಕೆ ಹೋಗುತ್ತೇನೆ. ‘ಒಮ್ಮೆ ಬಳಸಿ ಎಸೆಯುವ ಚೀಲ ಎಂದರೆ ಇಷ್ಟು ಮೈಕ್ರಾನಿಗಿಂತ ತೆಳ್ಳಗಿರುವುದು’ ಎಂಬ ಸಾಲು ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಿಷೇಧ ಗೆಲ್ಲುತ್ತದೋ ಸೋಲುತ್ತದೋ ಅನ್ನುವುದು ಬಹುಪಾಲು ಆ ಒಂದು ಸಾಲಿನಲ್ಲೇ ತೀರ್ಮಾನವಾಗಿರುತ್ತದೆ. ಟಿವಿಯಲ್ಲಿ ನಡೆಯುವ ‘ಬೇಕು, ಬೇಡ’ ಚರ್ಚೆ ಮಾತ್ರ ಆ ಸಾಲಿನ ಹತ್ತಿರವೂ ಸುಳಿಯುವುದಿಲ್ಲ.

ನನ್ನ ಕೆಲಸ ಕಸ ಬೇರ್ಪಡಿಸುವ ಘಟಕಗಳಿಗೆ ಯಂತ್ರ ವಿನ್ಯಾಸ ಮಾಡುವುದು. ಹಾಗಾಗಿ ಈ ಚೀಲದ ಮೇಲೆ ನನಗೆ ಹಳೇ ಸಿಟ್ಟಿದೆ. ಆದರೂ ಅದನ್ನು ಮಾಡಿದವರ ಜಾಣತನ ಒಪ್ಪಲೇಬೇಕು. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಕಾಳನ್ನು ಕರಗಿಸಿ, ಉಂಗುರದಂಥ ಕಿಂಡಿಯಿಂದ ಹೊರತಳ್ಳಿ, ಒಳಗೆ ಗಾಳಿ ಊದಿದರೆ ಉದ್ದನೆಯ ಗುಳ್ಳೆ ಏಳುತ್ತದೆ. ಅದನ್ನು ಚಪ್ಪಟೆ ಮಾಡಿ, ಪಕ್ಕಗಳನ್ನು ಒಳಕ್ಕೆ ಮಡಚಿ, ಎರಡೂ ತುದಿಗೆ ಬಿಸಿ ಬೆಸುಗೆ ಹಾಕಿ, ಮೇಲ್ಗಡೆ ಒಂದು ತುಂಡು ಕತ್ತರಿಸಿದರೆ ಹಿಡಿಕೆ ಸಮೇತ ಚೀಲ ಸಿದ್ಧ. ಹೊಲಿಗೆ ಇಲ್ಲ, ಅಂಟು ಇಲ್ಲ. ಸ್ವೀಡನ್ನಿನ ಸೆಲ್ಲೊಪ್ಲಾಸ್ಟ್ ಕಂಪನಿಯ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್ ಅವರ ಈ ವಿನ್ಯಾಸಕ್ಕೆ 1965ರಲ್ಲಿ ಪೇಟೆಂಟ್ ಸಿಕ್ಕಿತು. ಸುಮಾರು 20 ಮೈಕ್ರಾನ್ ದಪ್ಪ, ಐದರಿಂದ ಎಂಟು ಗ್ರಾಂ ತೂಕ, ಆದರೆ ಕಿಲೋಗಟ್ಟಲೆ ಭಾರ ಹೊರುತ್ತದೆ, ಅದೂ ಒದ್ದೆಯಾದರೂ. ಥುಲಿನ್ ತಮ್ಮ ಜೇಬಿನಲ್ಲಿ ಒಂದು ಚೀಲ ಮಡಚಿಟ್ಟುಕೊಂಡೇ ಓಡಾಡುತ್ತಿದ್ದರು ಎಂದು ಅವರ ಮಗ ಹೇಳಿದ್ದಾರೆ. ಮತ್ತೆ ಮತ್ತೆ ಬಳಸಲಿ ಅಂತಲೇ ಮಾಡಿದ್ದಂತೆ. ಅಂಗಡಿಯವರು ಅದನ್ನು ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ಕಥೆ ಬೇರೆಯಾಯಿತು.

ಇನ್ನು ನನ್ನ ಸಿಟ್ಟಿನ ವಿಷಯ. ಒಣಕಸ ಬೇರ್ಪಡಿಸುವ ಸಾಲಿನಲ್ಲಿ ಡಿಸ್ಕ್ ಸ್ಕ್ರೀನ್ ಎಂಬ ಯಂತ್ರ ಇರುತ್ತದೆ. ಸಾಲಾಗಿ ಜೋಡಿಸಿದ ಶಾಫ್ಟುಗಳು, ಅವುಗಳ ಮೇಲೆ ತಿರುಗುವ ಬಿಲ್ಲೆಗಳು. ರಟ್ಟು, ಪೇಪರ್ ಮೇಲೆ ತೇಲಿಕೊಂಡು ಮುಂದೆ ಹೋಗುತ್ತವೆ. ಬಾಟಲಿ, ಡಬ್ಬಿ ಸಂದಿಯಲ್ಲಿ ಕೆಳಗೆ ಬೀಳುತ್ತವೆ. ತೆಳು ಚೀಲ ಮಾತ್ರ ಎರಡನ್ನೂ ಮಾಡುವುದಿಲ್ಲ. ಬಿಲ್ಲೆಗಳ ನಡುವೆ ನುಸುಳಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸಂದಿ ಮುಚ್ಚಿಹೋದ ಮೇಲೆ ಬಾಟಲಿಯೂ ಪೇಪರಿನ ಜತೆಗೇ ಹೊರಟುಬಿಡುತ್ತದೆ, ಪೇಪರ್ ಕೊಳ್ಳುವ ಗಿರಣಿ ಇಡೀ ಮೂಟೆ ವಾಪಸ್ ಕಳಿಸುತ್ತದೆ. ಆಗ ಲೈನ್ ನಿಲ್ಲಿಸಿ, ಕರೆಂಟ್ ತೆಗೆದು, ಬೀಗ ಹಾಕಿ, ಕಾರ್ಮಿಕರು ಚಾಕು ಹಿಡಿದು ಒಳಗಿಳಿಯಬೇಕು. ಬಗ್ಗಿ ನಿಂತು, ಚೂಪಾದ ಬಿಲ್ಲೆಗಳ ಮಧ್ಯೆ ಕೈ ಹಾಕಿ ಕೊಯ್ದು ತೆಗೆಯುವುದು ಸಿಂಬೆಯ ಹಾಗೆ ಗಟ್ಟಿಯಾಗಿ ಹೊಸೆದುಕೊಂಡ ಪ್ಲಾಸ್ಟಿಕ್ ಸುರುಳಿಯನ್ನು. ಅಷ್ಟು ಹೊತ್ತೂ ಘಟಕದಲ್ಲಿ ಒಂದು ಕಿಲೋ ಕಸವೂ ಬೇರ್ಪಡುವುದಿಲ್ಲ.

‘ಮರುಬಳಕೆ ಮಾಡಿದರಾಯಿತು ಅಲ್ವಾ?’ ಎಂದು ಕೇಳುವವರಿಗೆ ಒಂದು ಲೆಕ್ಕ. ಆರು ಗ್ರಾಂ ಚೀಲಗಳಿಂದ ಒಂದು ಟನ್ ಆಗಬೇಕಾದರೆ 1,66,000ಕ್ಕೂ ಜಾಸ್ತಿ ಚೀಲ ಆಯಬೇಕು. ಒಳಗೆ ಅಂಟಿರುವ ನೀರು, ಮಣ್ಣಿನ ತೂಕವೇ ಚೀಲದ ತೂಕಕ್ಕೆ ಸಮನಾಗಿದ್ದರೂ ಆಶ್ಚರ್ಯವಿಲ್ಲ. ಅದನ್ನು ತೊಳೆದು, ಒಣಗಿಸಿ, ಮತ್ತೆ ಕಾಳು ಮಾಡುವ ಖರ್ಚಿಗಿಂತ ಹೊಸ ಕಾಳು ಅಗ್ಗಕ್ಕೆ ಸಿಗುವುದೇ ಹೆಚ್ಚು. ಸುಮ್ನೆ ಯಾರೂ ಈ ಉಸಾಬರಿಗೆ ಹೋಗುವುದಿಲ್ಲ.

ಇಷ್ಟಾದರೂ ನಿಷೇಧ ಬೇಡ ಅನ್ನುವವರ ಕೈಯಲ್ಲಿ ಗಟ್ಟಿ ವಾದವೇ ಇದೆ. 2011ರಲ್ಲಿ ಬ್ರಿಟನ್ನಿನ ಪರಿಸರ ಏಜೆನ್ಸಿ ಚೀಲಗಳ ಜೀವನಚಕ್ರ ಅಧ್ಯಯನ, ಅಂದರೆ ಚೀಲ ಮಾಡುವುದರಿಂದ ಹಿಡಿದು ಎಸೆಯುವವರೆಗಿನ ಪರಿಣಾಮದ ಲೆಕ್ಕ, ಪ್ರಕಟಿಸಿತು. ತೆಳು ಎಚ್‌ಡಿಪಿಇ ಚೀಲವನ್ನು ಒಂದೇ ಸಲ ಬಳಸಿ ಎಸೆದರೂ, ಹವಾಮಾನದ ಮೇಲಿನ ಪರಿಣಾಮದಲ್ಲಿ ಅದಕ್ಕೆ ಸರಿಗಟ್ಟಲು ಪೇಪರ್ ಚೀಲವನ್ನು 3 ಸಲ, ದಪ್ಪ ಪ್ಲಾಸ್ಟಿಕ್ ಚೀಲವನ್ನು 4 ಸಲ, ಬಟ್ಟೆಯಂತೆ ಕಾಣುವ ನಾನ್ ವೋವನ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ತೆಳು ಚೀಲಗಳೆಲ್ಲವನ್ನೂ ಮನೆಯವರು ಕಸದ ಬುಟ್ಟಿಯ ಒಳಚೀಲವಾಗಿ ಎರಡನೇ ಸಲ ಬಳಸುತ್ತಾರೆ ಅಂದುಕೊಂಡರೆ ಹತ್ತಿ ಚೀಲದ ಅಂಕಿ 327ಕ್ಕೆ ಏರುತ್ತದೆ. ಕಾರಣ ಸರಳ. ಪರಿಣಾಮದ ಬಹುಪಾಲು ಚೀಲವನ್ನು ಮಾಡುವ ಹೊತ್ತಿನಲ್ಲೇ ಆಗಿಹೋಗುತ್ತದೆ, ತೆಳು ಚೀಲದಲ್ಲಿ ಮಾಡಲು ಸಾಮಗ್ರಿಯೇ ಇಲ್ಲ. ಹತ್ತಿಗೆ ನೀರು, ಗೊಬ್ಬರ, ನೂಲು, ನೇಯ್ಗೆ ಎಲ್ಲಾ ಬೇಕು.

2018ರಲ್ಲಿ ಬಂದ ಡೆನ್ಮಾರ್ಕಿನ ಅಧ್ಯಯನದಿಂದ ‘ಸಾವಯವ ಹತ್ತಿ ಚೀಲವನ್ನು 20,000 ಸಲ ಬಳಸಬೇಕು’ ಎಂಬ ಸಾಲು ಹೆಕ್ಕಿ ತೆಗೆದು ಸಿಕ್ಕ ಸಿಕ್ಕಲ್ಲಿ ಅಂಟಿಸುತ್ತಾರೆ. ಆ ಅಂಕಿ ಎಲ್ಲ ಬಗೆಯ ಪರಿಣಾಮಗಳ ಪೈಕಿ ಅತಿ ಕೆಟ್ಟದ್ದನ್ನು, ಅಂದರೆ ಓಜೋನ್ ಪದರದ ಲೆಕ್ಕವನ್ನು, ಹಿಡಿದು ಬಂದದ್ದು. ಬರೀ ಹವಾಮಾನದ ಲೆಕ್ಕಕ್ಕೆ ಅದೇ ವರದಿ ಹೇಳುವುದು 149 ಸಲ. ಮಾಮೂಲಿ ಹತ್ತಿಗೆ 52. ವಾರಕ್ಕೊಮ್ಮೆ ಹಿಡಿದರೆ ಒಂದು ವರ್ಷ. ಮಾಡಲಾಗದ ಕೆಲಸವೇನಲ್ಲ. ಆದರೆ ಸಮಾರಂಭಕ್ಕೊಂದು ಹಂಚಿದ ಹತ್ತಿ ಚೀಲ ಬೀರುವಿನಲ್ಲಿ ಹತ್ತು ಕೂತಿದ್ದರೆ ಲೆಕ್ಕ ತಲೆಕೆಳಗು.

ಈ ಎರಡೂ ಅಧ್ಯಯನಗಳು ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ: ಬೀದಿಗೆ, ನೀರಿಗೆ ಬಿದ್ದ ಚೀಲ ಮಾಡುವ ಹಾನಿ. ಚರಂಡಿ ಕಟ್ಟುವುದು, ದನದ ಹೊಟ್ಟೆ ಸೇರುವುದು, ನನ್ನ ಶಾಫ್ಟಿಗೆ ಸುತ್ತಿಕೊಳ್ಳುವುದು, ಯಾವುದೂ ಅಲ್ಲಿಲ್ಲ. ಒಬ್ಬರು ಇಂಗಾಲದ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಚರಂಡಿ ತೋರಿಸುತ್ತಾರೆ. ಇಬ್ಬರೂ ಸರಿ. ನಿಷೇಧ ತರುವವರು ನಾವು ಯಾವ ಹಾನಿಯನ್ನು ತಡೆಯಲು ಹೊರಟಿದ್ದೇವೆ ಅಂತ ಮೊದಲು ಹೇಳಬೇಕು. ತೆಳು ಚೀಲದ ವಿಷಯದಲ್ಲಿ ನನ್ನ ಮಟ್ಟಿಗೆ ಅದು ಬೀದಿ, ಚರಂಡಿಯ ಹಾನಿ. ಹವಾಮಾನ ಉಳಿಸುತ್ತೇವೆ ಅಂತ ಚೀಲ ನಿಷೇಧಿಸಿದರೆ ಲೆಕ್ಕದಲ್ಲಿ ಮುಖಭಂಗ ಖಂಡಿತ.

ಈಗ ಆ ಮೈಕ್ರಾನ್ ಸಾಲಿಗೆ ಬರೋಣ. ದಪ್ಪ ಚೀಲವನ್ನು ಜನ ಮತ್ತೆ ಮತ್ತೆ ಬಳಸುತ್ತಾರೆ, ಹಾಗಾಗಿ ತೆಳುವಿಗೆ ಮಾತ್ರ ನಿಷೇಧ ಸಾಕು ಎಂಬುದು ಇದರ ಹಿಂದಿನ ನಂಬಿಕೆ. ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿತು, 2016ರಲ್ಲಿ ಮತದಾರರೂ ಒಪ್ಪಿದರು. ತೆಳು ಚೀಲ ಬಂದ್. 2.25 ಮಿಲ್, ಅಂದರೆ ಸುಮಾರು 57 ಮೈಕ್ರಾನ್ ದಪ್ಪದ ಚೀಲಕ್ಕೆ ‘ಮರುಬಳಕೆಯ ಚೀಲ’ ಎಂಬ ಹೆಸರು ಕೊಟ್ಟು 10 ಸೆಂಟಿಗೆ ಮಾರಲು ಬಿಟ್ಟರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ತಯಾರಕರು ಯಂತ್ರದ ವೇಗ ತಗ್ಗಿಸಿ ಅದೇ ಆಕಾರದ ಚೀಲವನ್ನು ದಪ್ಪ ಮಾಡಿದರು. ಜನ ಅದನ್ನೂ ಒಂದೇ ಸಲ ಬಳಸಿ ಎಸೆದರು. 2014ರಲ್ಲಿ ಆ ರಾಜ್ಯದ ಕಸದಲ್ಲಿ 1,57,385 ಟನ್ ಪ್ಲಾಸ್ಟಿಕ್ ಚೀಲ ಇತ್ತು, 2022ರಲ್ಲಿ 2,31,072 ಟನ್. 2024ರಲ್ಲಿ ಹೊಸ ಕಾನೂನಿಗೆ ಸಹಿ ಬಿತ್ತು. ಕೌಂಟರಿನಲ್ಲಿ ದಪ್ಪ ಪ್ಲಾಸ್ಟಿಕ್ ಚೀಲವೂ ಬೇಡ, 2026ರ ಜನವರಿ 1ರಿಂದ ಜಾರಿ ಎಂದಿತು ಅದು.

ಹಾಗಂತ ದಪ್ಪದ ನಿಯಮ ಎಲ್ಲೂ ನಡೆಯುವುದಿಲ್ಲ ಅಂತಲ್ಲ. ಭಾರತ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಕನಿಷ್ಠ ದಪ್ಪ ಎಂದು ನಿಗದಿ ಮಾಡಿತು. 20ರಿಂದ 120ಕ್ಕೆ ಹೋದರೆ ಒಂದು ಚೀಲಕ್ಕೆ ಆರು ಪಟ್ಟು ಕಾಳು ಬೇಕು. ಪುಕ್ಕಟೆ ಕೊಡಲು ಯಾವ ಅಂಗಡಿಯವನಿಗೂ ಗಿಟ್ಟುವುದಿಲ್ಲ. ಅಂದರೆ ಇದು ದಪ್ಪದ ವೇಷದಲ್ಲಿ ಬಂದ ಬೆಲೆ. ದಪ್ಪ ಅಷ್ಟು ಏರಿದರೆ ಮಾತ್ರ ಕೆಲಸ ಮಾಡುತ್ತದೆ. 57 ಮೈಕ್ರಾನ್ ಅನ್ನುವುದು ಇತ್ತ ಪ್ಲಾಸ್ಟಿಕ್ ಜಾಸ್ತಿ ಮಾಡಿತು, ಅತ್ತ ಬಿಸಿಯೂ ತಟ್ಟಿಸಲಿಲ್ಲ.

ತಪಾಸಣೆಯ ತಾಪತ್ರಯವೂ ಇದೆ. ಮೈಕ್ರೋಮೀಟರ್ ಹಿಡಿದು ಒಂದೇ ಚೀಲವನ್ನು ಐದು ಕಡೆ ಅಳೆದರೆ ಐದು ಅಂಕಿ ಬರುತ್ತವೆ. ಗುಳ್ಳೆ ಎಲ್ಲಾ ಕಡೆ ಒಂದೇ ಸಮ ತಣ್ಣಗಾಗುವುದಿಲ್ಲ, ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ಅಧಿಕಾರಿ ತೆಳು ಜಾಗ ಅಳೆದು ದಂಡ ಹಾಕುತ್ತಾರೆ, ಅಂಗಡಿಯವರು ದಪ್ಪ ಜಾಗ ತೋರಿಸಿ ವಾದಿಸುತ್ತಾರೆ. ಬೆರಳಿನಲ್ಲಿ ಮುಟ್ಟಿ ನೋಡಿ 45ಕ್ಕೂ 50ಕ್ಕೂ ವ್ಯತ್ಯಾಸ ಹೇಳುವವರನ್ನು ನಾನಂತೂ ಕಂಡಿಲ್ಲ.

ಬೆಲೆಯನ್ನು ಬೆಲೆ ಅಂತಲೇ ಹಾಕಿದ ದೇಶ ಐರ್ಲೆಂಡ್. 2002ರ ಮಾರ್ಚಿನಲ್ಲಿ ಚೀಲಕ್ಕೆ 15 ಸೆಂಟ್ ತೆರಿಗೆ ಬಂತು. ತಲೆಗೆ ವರ್ಷಕ್ಕೆ ಸುಮಾರು 328 ಚೀಲ ಇದ್ದದ್ದು 21ಕ್ಕೆ ಇಳಿಯಿತು. ಆಮೇಲೆ ಜನಕ್ಕೆ 15 ಸೆಂಟ್ ಅಭ್ಯಾಸವಾಗಿ ಚೀಲದ ಸಂಖ್ಯೆ ಮೆಲ್ಲಗೆ 30ರ ಆಚೆಗೆ ಹೋಯಿತು. 2007ರ ಜುಲೈನಲ್ಲಿ 22 ಸೆಂಟ್ ಮಾಡಿದರು. ಇಲ್ಲಿ ಕಲಿಯಬೇಕಾದ್ದು ಆ ಎರಡನೇ ಹೆಜ್ಜೆಯಿಂದ. ತೆರಿಗೆ ಹಾಕಿ ಮರೆತುಬಿಟ್ಟರೆ ಅದು ಸವೆದುಹೋಗುತ್ತದೆ.

‘ದಂಡ ಯಾಕೆ, ಚೀಲ ತಂದವರಿಗೆ ರಿಯಾಯಿತಿ ಕೊಡಿ’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೇಳಲು ಚೆನ್ನ. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಅರ್ಥಶಾಸ್ತ್ರಜ್ಞೆ ಟಟಿಯಾನಾ ಹೊಮನಾಫ್ ಇದನ್ನೇ ಹೋಲಿಸಿ ನೋಡಿದರು. ಐದು ಸೆಂಟ್ ತೆರಿಗೆ ಬಂದಾಗ ಚೀಲ ಕೇಳುವವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಸ್ವಂತ ಚೀಲ ತಂದವರಿಗೆ ಅದೇ ಐದು ಸೆಂಟ್ ವಾಪಸ್ ಕೊಟ್ಟಲ್ಲಿ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಬರುವ ಐದಕ್ಕೆ ಯಾರೂ ಕೈ ಚಾಚಲಿಲ್ಲ, ಹೋಗುವ ಐದನ್ನು ಮಾತ್ರ ಬಿಗಿಯಾಗಿ ಹಿಡಿದರು.

ನಿಷೇಧದ ಇನ್ನೊಂದು ಅಡ್ಡಪರಿಣಾಮ ಕಸದ ಬುಟ್ಟಿಯಲ್ಲಿ ಕಾಣುತ್ತದೆ. ಅಂಗಡಿ ಚೀಲವನ್ನೇ ಬುಟ್ಟಿಗೆ ಹಾಕುತ್ತಿದ್ದವರು ಅದು ಸಿಗದಿದ್ದಾಗ ಗಾರ್ಬೇಜ್ ಬ್ಯಾಗ್ ಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಊರೂರಿನ ನಿಷೇಧಗಳನ್ನು ಅಧ್ಯಯನ ಮಾಡಿದ ರೆಬೆಕಾ ಟೇಲರ್ 2019ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ವರ್ಷಕ್ಕೆ ಸುಮಾರು 1.8 ಕೋಟಿ ಕಿಲೋ ಅಂಗಡಿ ಚೀಲ ಕಡಿಮೆಯಾಯಿತು, ಸುಮಾರು 54 ಲಕ್ಷ ಕಿಲೋ ಕಸದ ಚೀಲ ಜಾಸ್ತಿಯಾಯಿತು. ಉಳಿತಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಸೋರಿಹೋಯಿತು ಅನ್ನಿ. ಆದರೆ ನಾನು ಇದನ್ನು ಸೋಲು ಅನ್ನುವುದಿಲ್ಲ. ಕಸದ ಚೀಲ ಸಾಮಾನ್ಯವಾಗಿ ಕಸದ ಗಾಡಿಗೇ ಹೋಗುತ್ತದೆ, ಮರದ ಕೊಂಬೆಗೆ ಸಿಕ್ಕಿಕೊಳ್ಳುವುದು ಕಮ್ಮಿ.

ಬೆಲೆ ಇಷ್ಟು ಚೆನ್ನಾಗಿ ಕೆಲಸ ಮಾಡುವುದಾದರೆ ಪೂರ್ತಿ ನಿಷೇಧ ಯಾರಿಗೆ ಬೇಕು? ಕಸ ಎತ್ತುವ ವ್ಯವಸ್ಥೆಯೇ ಕುಂಟುತ್ತಿರುವ ಕಡೆ, ಬಿಲ್ಲಿಲ್ಲದೆ ವ್ಯಾಪಾರ ನಡೆಯುವ ಕಡೆ ಬೇಕು. ಅಲ್ಲಿ ತೆರಿಗೆ ವಸೂಲಿ ಮಾಡುವವರು ಯಾರು? ಬಾಂಗ್ಲಾದೇಶ 2002ರಲ್ಲಿ ತೆಳು ಪಾಲಿಥಿನ್ ಚೀಲ ನಿಷೇಧಿಸಿತು, ದೇಶಮಟ್ಟದಲ್ಲಿ ಇದನ್ನು ಮಾಡಿದ ಮೊದಲ ದೇಶ ಅದು. 1988 ಮತ್ತು 1998ರ ಪ್ರವಾಹಗಳಲ್ಲಿ ಚರಂಡಿ ಕಟ್ಟಿಸಿದ್ದು ಈ ಚೀಲಗಳು ಎಂಬುದು ಕಾರಣ. ನಿಯಮ ಬಂತು, ಚೀಲ ಹೋಗಲಿಲ್ಲ. ಗುಳ್ಳೆ ಊದುವ ಯಂತ್ರಕ್ಕೆ ದೊಡ್ಡ ಕಾರ್ಖಾನೆ ಬೇಡ, ಒಂದು ಶೆಡ್ಡು, ಮೂರು ಫೇಸ್ ಕರೆಂಟ್ ಸಾಕು. ಕೆನ್ಯಾ 2017ರ ಆಗಸ್ಟಿನಲ್ಲಿ ನಾಲ್ಕು ವರ್ಷದವರೆಗೆ ಜೈಲು ಎಂದು ಹೆದರಿಸಿತು. ಚೀಲ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಜತೆಗೆ ಪಕ್ಕದ ದೇಶಗಳಿಂದ ಕಳ್ಳಸಾಗಣೆ ಶುರುವಾಯಿತು. ತಳ್ಳುಗಾಡಿಯವರ ಮೇಲೆ ಮುಗಿಬೀಳುವ ತಪಾಸಣೆ ನನಗೆ ಹಿಡಿಸುವುದಿಲ್ಲ. ಹಿಡಿಯಬೇಕಾದ್ದು ಕಾಳು ಎಲ್ಲಿಗೆ ಹೋಗುತ್ತದೆ, ಯಂತ್ರ ಎಲ್ಲಿ ಓಡುತ್ತದೆ ಎಂಬುದನ್ನು.

ಇಷ್ಟೆಲ್ಲಾ ಮಾಡಿ ಬೀದಿ, ಕಡಲ ತೀರದಲ್ಲಿ ಫಲ ಕಂಡಿತೇ? ಕಂಡಿದೆ. ಅಮೆರಿಕದ 45,000ಕ್ಕೂ ಹೆಚ್ಚು ತೀರ ಸ್ವಚ್ಛತಾ ಕಾರ್ಯಗಳ ದಾಖಲೆ ಹಿಡಿದು 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಿಯಮ ಇರುವ ಕಡೆ ಆಯ್ದ ಕಸದಲ್ಲಿ ಪ್ಲಾಸ್ಟಿಕ್ ಚೀಲದ ಪಾಲು ನಿಯಮ ಇಲ್ಲದ ಕಡೆಗೆ ಹೋಲಿಸಿದರೆ ಶೇ. 25ರಿಂದ 47ರಷ್ಟು ಕಡಿಮೆ. ದಪ್ಪ ಚೀಲಕ್ಕೆ ವಿನಾಯಿತಿ ಕೊಟ್ಟ ಅರೆಬರೆ ನಿಷೇಧಗಳ ಫಲ ಅಷ್ಟಕ್ಕಷ್ಟೇ.

ಬದಲಿ ಚೀಲಗಳ ಬಗ್ಗೆ ಎರಡು ಮಾತು. ಬಟ್ಟೆಯಂತೆ ಕಾಣುವ ನಾನ್ ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಕೂಡಿಸಿದ್ದು. ಬಿಸಿಲಿಗೆ ಬಿಟ್ಟರೆ ಪುಡಿ ಪುಡಿಯಾಗಿ ಉದುರುತ್ತದೆ. ‘ಮಣ್ಣಲ್ಲಿ ಕರಗುತ್ತದೆ’ ಎಂಬ ಚೀಲಗಳನ್ನು ಪ್ಲಿಮತ್ ವಿಶ್ವವಿದ್ಯಾಲಯದವರು ಮಣ್ಣಿನಲ್ಲಿ, ಸಮುದ್ರದಲ್ಲಿ ಇಟ್ಟು ನೋಡಿದರು. ಬಯೋಡಿಗ್ರೇಡಬಲ್ ಎಂದು ಬರೆದಿದ್ದ ಚೀಲ ಮೂರು ವರ್ಷದ ನಂತರವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟಬಲ್ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಮಾಯವಾಯಿತು, ಮಣ್ಣಿನಲ್ಲಿ 27 ತಿಂಗಳಾದರೂ ಉಳಿದಿತ್ತು. ಅಂಥ ಚೀಲ ಸರಿಯಾಗಿ ಕರಗಬೇಕಾದರೆ 58 ಡಿಗ್ರಿ ಸುತ್ತಮುತ್ತ ಬಿಸಿ ಹಿಡಿದಿಡುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಅದಿಲ್ಲದ ಕಡೆ ಅದೂ ನನ್ನ ಶಾಫ್ಟಿಗೇ ಬಂದು ಸುತ್ತಿಕೊಳ್ಳುತ್ತದೆ.

ಹಾಗಾಗಿ ಕರಡಿನಲ್ಲಿ ನಾನು ಕೇಳುವ ಬದಲಾವಣೆ ಮೂರೇ. ಮೈಕ್ರಾನ್ ಸಾಲು ಹೊಡೆದುಹಾಕಿ. ಪೇಪರ್, ಬಟ್ಟೆ, ದಪ್ಪ ಪ್ಲಾಸ್ಟಿಕ್, ಯಾವುದೇ ಇರಲಿ, ಕೌಂಟರಿನಲ್ಲಿ ಪುಕ್ಕಟೆ ಚೀಲ ಇಲ್ಲ ಅಂತ ಬರೆಯಿರಿ. ಅಂಗಡಿ ಸರಪಳಿಗಳು ವರ್ಷಕ್ಕೆ ಎಷ್ಟು ಚೀಲ ಅಂತಲ್ಲ, ಎಷ್ಟು ಕಿಲೋ ಪ್ಲಾಸ್ಟಿಕ್ ಅಂತ ಲೆಕ್ಕ ಕೊಡಲಿ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರಿನಲ್ಲಿ ಐದು ಪೆನ್ನಿ ಶುಲ್ಕ ಬಂದ ಮೇಲೆ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ತೆಳು ಚೀಲದ ಮಾರಾಟ ಶೇ. 95ಕ್ಕೂ ಹೆಚ್ಚು ಬಿತ್ತು ಎಂಬ ಸುದ್ದಿ ಎಲ್ಲರಿಗೂ ಗೊತ್ತು. ‘ಬಾಳಿಕೆಯ ಚೀಲ’ ಎಂಬ ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳು 2019ರಲ್ಲಿ 150 ಕೋಟಿಗೂ ಜಾಸ್ತಿ ಮಾರಿದವು. ಅವು ಆ 95ರ ಲೆಕ್ಕಕ್ಕೆ ಸೇರಿರಲೇ ಇಲ್ಲ.