ಪದ ಪರಿಚಯ: ಗ್ಲೋಬಲ್ ಟೆಸ್ಟ್

2004ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಓದುವಾಗ ‘ಗ್ಲೋಬಲ್ ಟೆಸ್ಟ್’ ಅನ್ನೋ ಮಾತು ಎದುರಾಗದೆ ಇರುವುದಿಲ್ಲ. ಯುದ್ಧಕ್ಕೆ ಕೈಹಾಕುವ ಅಧ್ಯಕ್ಷ ಅದಕ್ಕೆ ಸರಿಯಾದ ಕಾರಣ ಇದೆ ಎಂದು ಜಗತ್ತಿಗೂ ತೋರಿಸಿಕೊಡಬೇಕು ಅನ್ನೋದು ಅದರ ಮೂಲ ಅರ್ಥ. ಆದರೆ ಅದು ಹೆಚ್ಚು ಓಡಾಡಿದ್ದು ಬೇರೊಂದು ಅರ್ಥದಲ್ಲಿ: ಅಮೆರಿಕ ತನ್ನನ್ನು ಕಾಪಾಡಿಕೊಳ್ಳೋದಕ್ಕೂ ಬೇರೆ ದೇಶಗಳ ಅಪ್ಪಣೆ ಕೇಳಬೇಕು ಅಂತ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮಾತು ಹುಟ್ಟಿದ್ದು ಆ ವರ್ಷ ಸೆಪ್ಟೆಂಬರ್ 30ರಂದು, ಫ್ಲಾರಿಡಾದಲ್ಲಿ ನಡೆದ ಮೊದಲ ಟಿವಿ ಚರ್ಚೆಯಲ್ಲಿ. ಇರಾಕ್ ಯುದ್ಧ ಶುರುವಾಗಿ ಒಂದೂವರೆ ವರ್ಷ ಆಗಿತ್ತು. ಇವೆ ಎಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಕ್ಕಿರಲಿಲ್ಲ. ಶತ್ರು ಹೊಡೆಯುವ ಮೊದಲೇ ನಾವು ಹೊಡೆಯುವುದು ಸರಿಯೇ ಎಂದು ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿ ಅವರನ್ನು ಕೇಳಿದರು. ಆ ಹಕ್ಕನ್ನು ಯಾವ ಅಧ್ಯಕ್ಷರೂ ಬಿಟ್ಟುಕೊಟ್ಟಿಲ್ಲ, ನಾನೂ ಬಿಡುವುದಿಲ್ಲ ಎಂದು ಕೆರಿ ಮೊದಲೇ ಹೇಳಿದರು. ಆದರೆ ಹಾಗೆ ಮಾಡುವಾಗ ಅದು ‘ಗ್ಲೋಬಲ್ ಟೆಸ್ಟ್’ ಪಾಸಾಗಬೇಕು, ನಮ್ಮ ಜನರಿಗೆ ಅರ್ಥವಾಗಬೇಕು, ಕಾರಣ ನ್ಯಾಯವಾದದ್ದು ಎಂದು ಜಗತ್ತಿಗೆ ಸಾಬೀತು ಮಾಡುವಂತಿರಬೇಕು ಎಂದರು.

ಅದೇ ಉತ್ತರದಲ್ಲಿ ಅವರು 1962ರ ಒಂದು ಘಟನೆಯನ್ನೂ ಹೇಳಿದರು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು ತಿಳಿಸಲು ಅಧ್ಯಕ್ಷ ಕೆನಡಿ ತಮ್ಮ ದೂತರನ್ನು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಬಳಿಗೆ ಕಳಿಸಿದ್ದರು. ಫೋಟೋ ತೋರಿಸಲು ಹೋದರೆ, ಬೇಡ, ಅಮೆರಿಕದ ಅಧ್ಯಕ್ಷರ ಮಾತೇ ನನಗೆ ಸಾಕು ಅಂದರಂತೆ ಡಿ ಗಾಲ್. ಕೆರಿ ಮಾತಿನ ತಿರುಳು ಇರೋದು ಇಲ್ಲೇ. ಆ ನಂಬಿಕೆ ಈಗ ಉಳಿದಿಲ್ಲ ಅನ್ನೋದು ಅವರ ದೂರು.

ಈ ಕಥೆ ಜನರ ನೆನಪಲ್ಲಿ ನಿಲ್ಲಲಿಲ್ಲ, ಎರಡು ಪದ ಮಾತ್ರ ನಿಂತವು. ದೇಶದ ರಕ್ಷಣೆಗೆ ಅಮೆರಿಕ ಯಾರ ಅನುಮತಿ ಚೀಟಿಯನ್ನೂ ಕೇಳುವುದಿಲ್ಲ ಎಂದು ಕೆರಿಯ ಎದುರಾಳಿ, ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅದೇ ವರ್ಷದ ಜನವರಿಯಲ್ಲಿ ಹೇಳಿದ್ದರು. ಕೆರಿಯ ಮಾತು ಅದಕ್ಕೆ ತಕ್ಕ ಗುರಿಯಾಯಿತು. ಸಭೆಗಳಲ್ಲಿ, ಟಿವಿ ಜಾಹೀರಾತಿನಲ್ಲಿ ಅದನ್ನೇ ಎತ್ತಿ ಆಡಿದರು. ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಹಕ್ಕು ಬಿಡುವುದಿಲ್ಲ ಎಂದ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೋರಿಸಿದರೆ ಅರ್ಥ ತಲೆಕೆಳಗಾಗುತ್ತದೆ, ಅಲ್ವಾ?

ಹೊರಗಿನ ಬೆಂಬಲ ಕೆರಿಗೆ ಮೊದಲೇ ತೊಡಕು ತಂದಿತ್ತು. ನೀವು ಗೆಲ್ಲಲೇಬೇಕು ಎಂದು ಕೆಲವು ನಾಯಕರು ತಮಗೆ ಹೇಳಿದ್ದಾರೆ ಎಂದು ಅವರು ಮಾರ್ಚ್‌ನಲ್ಲಿ ಅಂದಿದ್ದರು. ವಿದೇಶಿ ನಾಯಕರು ಎಂದೇ ಅದು ವರದಿಯಾಯಿತು. ಹೆಸರು ಹೇಳಿ ಎಂದು ಎದುರಾಳಿಗಳು ಪಟ್ಟುಹಿಡಿದರು. ಕೆರಿ ಹೇಳಲಿಲ್ಲ.

ಅದೇ ವಾರ, ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಜಾಸ್ತಿ ಜನ ಸತ್ತರು. ಮೂರು ದಿನಕ್ಕೆ ಸ್ಪೇನ್‌ನಲ್ಲಿ ಚುನಾವಣೆ. ಇರಾಕ್‌ಗೆ ಸೈನ್ಯ ಕಳಿಸಿದ್ದ ಪಕ್ಷ ಸೋತಿತು, ವಾಪಸ್ ಕರೆಸುತ್ತೇನೆ ಎಂದಿದ್ದ ಸಪಟೇರೊ ಗೆದ್ದರು. ಸ್ಪೇನ್ ಭಯೋತ್ಪಾದಕರಿಗೆ ಹೆದರಿತು ಎಂದು ಅಮೆರಿಕದಲ್ಲಿ ಕೆಲವರು, ಬುಷ್ ನೀತಿಗೆ ಬಿದ್ದ ಪೆಟ್ಟು ಎಂದು ಇನ್ನು ಕೆಲವರು ವಾದಿಸಿದರು. ಆದರೆ ಅಲ್ಲಿನ ಮತದಾರರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಬಾಂಬ್ ಇಟ್ಟವರು ಸ್ಪೇನ್‌ನಿಂದ ಬೇರೆಯಾಗಲು ಹೋರಾಡುತ್ತಿದ್ದ ಬಾಸ್ಕ್ ಉಗ್ರರು ಎಂದು ಸರ್ಕಾರ ಪಟ್ಟುಬಿಡದೆ ಹೇಳಿತ್ತು, ಸಾಕ್ಷಿ ಬೇರೆ ಕಡೆ ಬೊಟ್ಟು ಮಾಡುತ್ತಿದ್ದರೂ. ಅಕ್ಟೋಬರ್ 9ರಂದು ಆಸ್ಟ್ರೇಲಿಯಾದಲ್ಲಿ ಬುಷ್ ಗೆಳೆಯ ಜಾನ್ ಹೊವಾರ್ಡ್ ಮತ್ತೆ ಗೆದ್ದರು. ಅವರು ಪ್ರಚಾರದಲ್ಲಿ ಒತ್ತಿ ಹೇಳಿದ್ದು ಬಡ್ಡಿ ದರದ ವಿಷಯ. ಇಂಥ ಫಲಿತಾಂಶಗಳನ್ನು ಸುಮ್ನೆ ಅಮೆರಿಕದ ಬಗೆಗಿನ ತೀರ್ಪು ಎಂದು ಓದಿದರೆ ಆ ದೇಶದ ಜನರನ್ನೇ ಮರೆತಂತೆ.

ಹೊರಗಿನವರು ನೇರವಾಗಿ ಬಾಯಿ ಹಾಕಿದ್ದೂ ಉಂಟು. ಓಹಿಯೋದ ಕ್ಲಾರ್ಕ್ ಕೌಂಟಿಯ ಮತದಾರರಿಗೆ ಪತ್ರ ಬರೆಯಿರಿ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಆ ಅಕ್ಟೋಬರ್‌ನಲ್ಲಿ ಓದುಗರನ್ನು ಕೇಳಿಕೊಂಡಿತು. ನಮ್ಮ ಚುನಾವಣೆಗೆ ನೀವ್ಯಾರು ಎಂಬ ಕೋಪದ ಉತ್ತರಗಳು ಬಂದವು. 2000ದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್‌ಗೆ ಒಲಿದಿದ್ದ ಕೌಂಟಿ ಈ ಸಲ ಬುಷ್ ಕಡೆ ವಾಲಿತು. ಪತ್ರಗಳೇ ಕಾರಣ ಎನ್ನಲಾಗದು, ಆದರೆ ಅವು ಕೆರಿಗೆ ಲಾಭ ತರಲಿಲ್ಲ ಅನ್ನೋದು ಖಂಡಿತ.

ಹಾಗಾದರೆ ಹೊರಗಿನ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೇ? ಇದೆ. ಅದರ ಪೆಟ್ಟು ಬೀಳೋದು ಅಮೆರಿಕದ ಮತಪೆಟ್ಟಿಗೆಯ ಆಚೆ. ಜರ್ಮನಿಯ ಶ್ರೋಡರ್ 2002ರಲ್ಲಿ ಇರಾಕ್ ಯುದ್ಧವನ್ನು ವಿರೋಧಿಸುತ್ತಲೇ ಚುನಾವಣೆ ಗೆದ್ದರು. ಅಮೆರಿಕದ ಸೈನ್ಯ ತನ್ನ ನೆಲದಿಂದ ಇರಾಕ್‌ಗೆ ನುಗ್ಗಲು ಟರ್ಕಿಯ ಸಂಸತ್ತು 2003ರ ಮಾರ್ಚ್ 1ರಂದು ಒಪ್ಪಿಗೆ ಕೊಡಲಿಲ್ಲ. ಅಲ್ಲಿನ ಜನರಲ್ಲಿ ಹೆಚ್ಚಿನವರು ಯುದ್ಧದ ವಿರುದ್ಧ ಇದ್ದರು. ಟರ್ಕಿಯ ಕರಾವಳಿಯಾಚೆ ಕಾಯುತ್ತಿದ್ದ ಹಡಗುಗಳು ಸುತ್ತುಬಳಸಿ ಕುವೈತ್‌ಗೆ ಹೋಗಬೇಕಾಯಿತು. ಕೆರಿ ಹೇಳಿದ ಪರೀಕ್ಷೆಯಲ್ಲಿ ಫೇಲಾದರೆ ಆಗೋದು ಇದೇ.

2025ರ ಕೆನಡಾ ಇನ್ನೂ ಹೊಸ ಉದಾಹರಣೆ. ವರ್ಷದ ಶುರುವಿನಲ್ಲಿ ಅಲ್ಲಿನ ಲಿಬರಲ್ ಪಕ್ಷ ಸಮೀಕ್ಷೆಗಳಲ್ಲಿ ತುಂಬಾ ಹಿಂದಿತ್ತು. ಟ್ರಂಪ್ ಸುಂಕ ಹಾಕಿ, ಕೆನಡಾ ನಮ್ಮ 51ನೇ ರಾಜ್ಯವಾಗಲಿ ಎಂದು ಮತ್ತೆ ಮತ್ತೆ ಹೇಳಿದ ಮೇಲೆ ಗಾಳಿ ಬದಲಾಯಿತು. ಏಪ್ರಿಲ್ 28ರಂದು ಮಾರ್ಕ್ ಕಾರ್ನಿ ನೇತೃತ್ವದಲ್ಲಿ ಅದೇ ಪಕ್ಷ ಗೆದ್ದಿತು. ಕನ್ಸರ್ವೇಟಿವ್ ನಾಯಕ ಪಿಯೆರ್ ಪೊಲಿಯೆವ್ ತಮ್ಮ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು.